ಗ್ರಂಥಾಲಯದಲ್ಲಿ ದೊಡ್ಡವರಿಗೂ ವಾರಕ್ಕೆರಡು ಸಂಜೆ ಕೊಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಬೇಸಿಗೆಯ ಲಗ್ನದ ಸುಗ್ಗಿಯಲ್ಲಿ ನನ್ನ ವಾಟ್ಸ್‌ಆ್ಯಪ್‌ಗೆ ಒಂದು ಮದುವೆ ಕಾರ್ಡ್ ಬಂತು. ಕಳಿಸಿದವರು ಪರಿಚಯದವರೇ, ನಮ್ಮ ಹಳೇ ಪ್ರೆಸ್‌ಗೆ ಕಾಗದ ತಂದು ಹಾಕುತ್ತಿದ್ದವರ ಮಗ. ನಾನು ಗದಗಿನ ಪ್ರೆಸ್ಸೊಂದರಲ್ಲಿ 34 ವರ್ಷ ದುಡಿದವನು. ಅದರಲ್ಲಿ ಮೊದಲ 26 ವರ್ಷ ಕಂಪೋಜಿಟರ್, ಅಂದರೆ ಸೀಸದ ಮೊಳೆ ಒಂದೊಂದಾಗಿ ಆಯ್ದು ಸಾಲು ಕಟ್ಟುವವನು. ಎಷ್ಟು ಮದುವೆ ಕಾರ್ಡ್ ಜೋಡಿಸಿದ್ದೇನೋ ಲೆಕ್ಕವಿಲ್ಲ. ಯಾರ ಮನೆ ಕಾರ್ಡ್ ಬಂದರೂ ತಾರೀಕಿಗಿಂತ ಮೊದಲು ಅಕ್ಷರ ನೋಡುವುದು ನನ್ನ ಚಟ. ವಧು-ವರರ ಹೆಸರಿಗೆ ಯಾವ ಅಳತೆ ಹಾಕಿದ್ದಾರೆ, ಬಾರ್ಡರ್ ಮೂಲೆಯಲ್ಲಿ ಸರಿಯಾಗಿ ಕೂಡಿದೆಯಾ, ಇಂಥದ್ದೇ. ಅದನ್ನು ನೋಡಲಿಕ್ಕೆಂದೇ ಒತ್ತಿದೆ.

ಕಾರ್ಡ್ ತೆರೆಯಲಿಲ್ಲ. ಇಂಗ್ಲಿಷ್‌ನಲ್ಲಿ ಏನೋ ಕೇಳಿತು, ಹೂಂ ಅಂತ ಒತ್ತಿದೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಮರುದಿನ ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ಖಾತೆಯಲ್ಲಿ ಹಣ ಸಾಲದು ಅಂತ ಬಂತು. ಎರಡು ಸಲ ಸೇರಿ 9,600 ರೂಪಾಯಿ ಹೋಗಿತ್ತು. ಹಾಲಿನವನು "ಇರ್ಲಿ ತಗೊಳ್ರಿ ಕಾಕಾ, ನಾಳೆ ಕೊಡ್ರಂತ" ಅಂದ. ಆ ಅರ್ಧ ಲೀಟರ್ ಪಾಕೀಟು ಹಿಡಿದು ಮನೆಗೆ ಬರುವಾಗ ಆದ ನಾಚಿಕೆ, ದುಡ್ಡು ಹೋದ ನೋವಿಗಿಂತ ಜಾಸ್ತಿ.

ಆಮೇಲೆ ತಿಳಿಯಿತು. ಅದು ಫೋಟೊ ಅಲ್ಲ, ಪಿಡಿಎಫ್ ಅಲ್ಲ, ಹೆಸರಿನ ಕೊನೆಗೆ ಎಪಿಕೆ ಅಂತ ಬಾಲವಿದ್ದ ಫೈಲು. ಎಪಿಕೆ ಅಂದರೆ ಆ್ಯಪ್. ಕಾರ್ಡ್‌ನ ವೇಷದಲ್ಲಿ ಬಂದ ಆ್ಯಪ್ ಒಳಗೆ ಕೂತು ನಮ್ಮ ಮೆಸೇಜ್ ಓದುತ್ತದೆ, ಬ್ಯಾಂಕಿನ ಒಟಿಪಿ ಬಂದ ಕೂಡಲೇ ಅತ್ತ ದಾಟಿಸುತ್ತದೆ. ಕಳಿಸಿದ ಹುಡುಗನದೂ ತಪ್ಪಿಲ್ಲ. ಅವನ ಫೋನಿಗೂ ಹೀಗೇ ಹೊಕ್ಕು, ಅವನ ಹೆಸರಿನಿಂದಲೇ ಎಲ್ಲರಿಗೂ ಹಂಚಿಕೊಂಡು ಹೋಗಿತ್ತು. ದುಡ್ಡು ಹೋದ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ಆಗ ಅದು ಮುಂದಿನ ಖಾತೆಗಳಿಗೆ ದಾಟುವ ಮೊದಲು ತಡೆಹಿಡಿಯುವ ದಾರಿ ಇರುತ್ತದೆ. ಇದು ನನಗೆ ಗೊತ್ತಾದದ್ದು ಮೂರನೇ ದಿನ. ಬ್ಯಾಂಕಿನವರು "ತಡ ಆಯ್ತಲ್ರಿ" ಅಂದರು. ತಡ ಆಗಿದ್ದು ನಿಜ. ಆದರೆ ಆ ನಂಬರ್ ನನಗೆ ಮೊದಲೇ ಯಾರು ಹೇಳಬೇಕಿತ್ತು?

ಈ ಪತ್ರ ಬರೆಯುತ್ತಿರುವುದು ಕಳ್ಳರ ಮೇಲೆ ದೂರು ಹೇಳಲಿಕ್ಕಲ್ಲ. ಇಂಥದ್ದನ್ನೆಲ್ಲ ನಮ್ಮಂಥವರಿಗೆ ನಿಧಾನಕ್ಕೆ, ಪುಕ್ಕಟೆಯಾಗಿ, ಮರ್ಯಾದೆಯಿಂದ ಹೇಳಿಕೊಡುವ ಜಾಗ ಊರಲ್ಲಿ ಒಂದಾದರೂ ಇರಬೇಕು ಅನ್ನುವುದು ನನ್ನ ಮಾತು. ಆ ಜಾಗ ಈಗಾಗಲೇ ಕಟ್ಟಿಟ್ಟಿದೆ. ಅದು ಸಾರ್ವಜನಿಕ ಗ್ರಂಥಾಲಯ.

ನನಗೆ ತಿಂಗಳಿಗೆ 1,640 ರೂಪಾಯಿ ಇಪಿಎಸ್, ಅಂದರೆ ಪಿಎಫ್‌ನವರ ಪಿಂಚಣಿ ಬರುತ್ತದೆ. ನಗಬೇಡಿ, ಗುಳಿಗೆ ಮತ್ತು ಫೋನಿನ ರೀಚಾರ್ಜ್ ಅದರಲ್ಲೇ ಆಗುತ್ತದೆ. ವರ್ಷಕ್ಕೊಮ್ಮೆ "ನಾನು ಬದುಕಿದ್ದೇನೆ" ಅಂತ ಜೀವನ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಒಂದು ಸೆಂಟರ್‌ಗೆ ಹೋದೆ. ಬೆರಳು ಇಡಿ ಅಂದರು. ಇಟ್ಟೆ. ಬರಲಿಲ್ಲ. ಹತ್ತೂ ಬೆರಳು ಇಟ್ಟೆ, ಒಂದೂ ಬರಲಿಲ್ಲ. 26 ವರ್ಷ ಸೀಸದ ಮೊಳೆ ಹಿಡಿದು, ದಿನಾ ಸಂಜೆ ಸೀಮೆಎಣ್ಣೆಯಲ್ಲಿ ಮಸಿ ತೊಳೆದುಕೊಂಡ ಬೆರಳು ಇವು. ಗೆರೆ ಎಲ್ಲಿ ಉಳಿದಾವು? ಊರಿಗೆಲ್ಲ ಅಚ್ಚು ಹಾಕಿದವನ ಬೆರಳಚ್ಚೇ ಮೂಡಲಿಲ್ಲ. ಮೂರು ಸಲ ಓಡಾಡಿದೆ. ಪ್ರತಿ ಸಲವೂ 50 ರೂಪಾಯಿ ಕೊಟ್ಟೆ. ಅಲ್ಲಿದ್ದ ಹುಡುಗ ನನ್ನ ಆಧಾರ್ ನಂಬರ್, ಖಾತೆ ನಂಬರ್ ಎಲ್ಲ ತನ್ನ ಉದ್ದನೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆ ನೋಟ್‌ಬುಕ್ ಮೇಜಿನ ಮೇಲೆ ಬಿಚ್ಚಿಕೊಂಡೇ ಬಿದ್ದಿತ್ತು, ನನ್ನ ಹಿಂದೆ ನಿಂತವರೂ ಓದಬಹುದಿತ್ತು.

ಎರಡು ತಿಂಗಳು ಪಿಂಚಣಿ ನಿಂತಿತು.

ಆಗ ನಾನು ದಿನಾ ಪೇಪರ್ ಓದಲಿಕ್ಕೆ ನಮ್ಮ ಭಾಗದ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಯಾವುದು ಅಂತ ಹೇಳುವುದಿಲ್ಲ. ಅಲ್ಲಿ ಕೂರುವವರು ಒಳ್ಳೆಯ ಮನುಷ್ಯ, ನನ್ನ ಪತ್ರದಿಂದ ಅವರಿಗೆ ನೋಟಿಸು ಬರುವುದು ಬೇಡ. ನಮ್ಮ ಗ್ರಂಥಾಲಯಗಳಿಗೆ ಈಗ ಯಾರು ಬರುತ್ತಾರೆ ಅಂತ ನಿಮಗೂ ಗೊತ್ತು. ಬೆಳಿಗ್ಗೆ ಪೇಪರ್ ಓದುವ ನಮ್ಮಂಥ ಮುದುಕರು. ಆಮೇಲೆ ಪಿಎಸ್‌ಐ, ಎಫ್‌ಡಿಎ, ಪಿಡಿಒ ಅಂತ ಪರೀಕ್ಷೆಗೆ ಓದುವ ಹುಡುಗರು, ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದು ದಿನವಿಡೀ ಕೂರುವವರು. ನಡುವಿನ ವಯಸ್ಸಿನವರು ಇಲ್ಲವೇ ಇಲ್ಲ. ಹೆಂಗಸರಂತೂ ಆ ಓದುವ ಹುಡುಗಿಯರನ್ನು ಬಿಟ್ಟರೆ ಒಬ್ಬರೂ ಕಾಣರು.

ಅಂಥ ಒಬ್ಬಳು ಹುಡುಗಿ, ನಾನು ಫೋನ್ ಹಿಡಿದು ಒದ್ದಾಡುವುದನ್ನು ನೋಡಿ ಪಕ್ಕಕ್ಕೆ ಬಂದು ಕೂತಳು. ಬೆರಳು ಬರದಿದ್ದರೆ ಮುಖ ತೋರಿಸಿದರೂ ನಡೆಯುತ್ತದೆ ಅಂದಳು. ಅದಕ್ಕೆ ಎರಡು ಆ್ಯಪ್ ಬೇಕು. ಒಂದು ಜೀವನ್ ಪ್ರಮಾಣ್, ಇನ್ನೊಂದು ಆಧಾರ್ ಫೇಸ್ ಆರ್‌ಡಿ. ನಾನು ಫೋನ್ ಅವಳ ಕೈಗೆ ಕೊಡಲು ಹೋದೆ. ತಗೊಳ್ಳಲಿಲ್ಲ. "ಅಜ್ಜಾರ, ನೀವ ಒತ್ರಿ. ನಾ ಒತ್ತಿದ್ರ ಮುಂದಿನ ವರ್ಷ ಮತ್ತ ನನ್ನ ಹುಡುಕ್ಕೋತ ಬರತೀರಿ" ಅಂದಳು. ಬಿಳಿ ಗೋಡೆ ಹಿಂದೆ ಬರುವ ಹಾಗೆ ಕೂತೆ. ಕಣ್ಣು ಮಿಟುಕಿಸಿ ಅಂತ ಫೋನ್ ಹೇಳಿತು. "ಎರಡೂ ಕಣ್ಣ ಮಿಟಕಸ್ರಿ ಅಜ್ಜಾರ, ಒಂದ ಅಲ್ಲ" ಅಂತ ಅವಳು ಹೇಳುವಷ್ಟರಲ್ಲಿ ಸುತ್ತ ಓದುತ್ತಿದ್ದ ಹುಡುಗರೆಲ್ಲ ನಕ್ಕರು. ಮೇಲೆ ಗೋಡೆಗೆ "ಮೌನ ಕಾಪಾಡಿ" ಬೋರ್ಡು. ಮೆಸೇಜ್ ಬಂತು. ಸರ್ಕಾರದ ಲೆಕ್ಕದಲ್ಲಿ ನಾನು ಮತ್ತೆ ಬದುಕಿದೆ.

ನಮ್ಮ ಮನೆಯಲ್ಲಿ ಮೊಮ್ಮಗ ಇದ್ದಾನೆ. ಬುದ್ಧಿವಂತ. ಏನಾದರೂ ಕೇಳಿದರೆ "ಕೊಡು ಇಲ್ಲಿ" ಅಂತ ಫೋನ್ ಕಿತ್ತುಕೊಂಡು ಟಕಟಕ ಅಂತ ನಾಲ್ಕು ಕಡೆ ಒತ್ತಿ "ಆತು" ಅಂತ ವಾಪಸ್ ಕೊಡುತ್ತಾನೆ. ಕೆಲಸ ಆಗುತ್ತದೆ, ನನಗೆ ಒಂದಕ್ಷರ ತಿಳಿಯುವುದಿಲ್ಲ. ಎರಡನೇ ಸಲ ಕೇಳಿದರೆ "ನಿನ್ನೇನೇ ಹೇಳಿದ್ನಲ್ಲ" ಅನ್ನುತ್ತಾನೆ. ನಿನ್ನೆ ಅವನು ಹೇಳಿರಲಿಲ್ಲ, ಮಾಡಿಕೊಟ್ಟಿದ್ದ. ನನ್ನ ಉಸ್ತಾದ್ ನನಗೆ ಮೊಳೆ ಕೆಲಸ ಕಲಿಸಿದಾಗ ಮೊದಲ ಮೂರು ತಿಂಗಳು ಬರೀ ಡಿಸ್ಟ್ರಿಬ್ಯೂಷನ್. ಅಚ್ಚಾದ ಪುಟ ಬಿಚ್ಚಿ ಯಾವ ಮೊಳೆ ಯಾವ ಮನೆಯದೋ ಅಲ್ಲಿಗೇ ವಾಪಸ್ ಹಾಕುವುದು. ಕಣ್ಣು ಕಟ್ಟಿದರೂ ಕೈ ತಾನಾಗಿ ಮನೆ ಹುಡುಕಬೇಕು. ಒಮ್ಮೆಯೂ ಅವರು ನನ್ನ ಕೈಯಿಂದ ಮೊಳೆ ಜೋಡಿಸುವ ಸ್ಟಿಕ್ ಕಿತ್ತುಕೊಳ್ಳಲಿಲ್ಲ. ತಲೆಗೆ ಮೊಟಕಿದರು, ಅದು ಬೇರೆ.

ಆ ಹುಡುಗಿ ನನಗೆ ಮೊದಲು ಹೇಳಿಕೊಟ್ಟದ್ದು ಫೋನಿನ ಅಕ್ಷರ ದೊಡ್ಡದು ಮಾಡುವುದನ್ನು. ಅಷ್ಟು ದಿನ ನಾನು 8 ಪಾಯಿಂಟ್ ಅಕ್ಷರ ಓದುತ್ತಾ ಕಣ್ಣಿನ ಡಾಕ್ಟರಿಗೆ ದುಡ್ಡು ಸುರಿಯುತ್ತಿದ್ದೆ. ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಗೆರೆ ಬಲಕ್ಕೆ ಎಳೆದರೆ 18 ಪಾಯಿಂಟ್! ಯಾರೂ ಹೇಳಿರಲಿಲ್ಲ. ಆಮೇಲೆ ಕನ್ನಡ ಕೀಬೋರ್ಡ್. ಇಲ್ಲಿ ನನಗೊಂದು ದೊಡ್ಡ ತೊಡಕಾಯಿತು. ಮೊಳೆ ಜೋಡಿಸುವಾಗ "ವರ್ಷ" ಅಂತ ಬರೆಯಬೇಕಾದರೆ ನಾವು ಮೊದಲು ವ, ಆಮೇಲೆ ಷ, ಅದರ ಬಲಕ್ಕೆ ಅರ್ಕಾವತ್ತು ಇಡುತ್ತಿದ್ದೆವು. ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ. ಫೋನಿನಲ್ಲಿ ನಾಲಿಗೆ ಹೇಗೆ ಹೇಳುತ್ತದೋ ಹಾಗೆ ಒತ್ತಬೇಕು. ವ, ರ, ಕೊಂಬಿನಂಥ ಆ ಅರ್ಧಾಕ್ಷರದ ಗುರುತು, ಆಮೇಲೆ ಷ. ಆಗ ರ ತಾನಾಗಿ ಅರ್ಕಾವತ್ತಾಗಿ ಹಿಂದಕ್ಕೆ ಹೋಗಿ ಕೂರುತ್ತದೆ. ಮೊದಲ ಸಲ ನೋಡಿದಾಗ ನನ್ನ ಮೈ ಜುಂ ಅಂತು. 26 ವರ್ಷ ನಾನು ಕೈಯಿಂದ ಮಾಡಿದ್ದನ್ನು ಅದು ರೆಪ್ಪೆ ಬಡಿಯುವುದರೊಳಗೆ ಮಾಡಿತು. ಸ್ವಲ್ಪ ಸಿಟ್ಟೂ ಬಂತು ಅನ್ನಿ.

ಪ್ರತಿಯಾಗಿ ನಾನು ಅವಳಿಗೆ ಏನು ಕೊಟ್ಟೆ? ಪರೀಕ್ಷೆಗೆ ಅವಳು ಬರೆದು ನೋಡುತ್ತಿದ್ದ ಕನ್ನಡ ಪ್ರಬಂಧ ತಿದ್ದಿಕೊಟ್ಟೆ. ಅಲ್ಪಪ್ರಾಣ, ಮಹಾಪ್ರಾಣ ಅದಲು ಬದಲು ಮಾಡುವುದರಲ್ಲಿ ಎತ್ತಿದ ಕೈ ಆಕೆ. "ಅಭಿವೃದ್ಧಿ"ಯನ್ನು ನಾಲ್ಕು ನಮೂನೆ ಬರೆಯುತ್ತಿದ್ದಳು. ಕಂಪೋಜಿಟರ್ ಕಣ್ಣಿಗೆ ಅದು ಊಟದಲ್ಲಿ ಹರಳು ಸಿಕ್ಕ ಹಾಗೆ. ಒಂದು ತಿಂಗಳಲ್ಲಿ ಅವಳ ಬರಹ ತಿಳಿಯಾಯಿತು, ನನ್ನ ಫೋನ್ ಭಯ ಹೋಯಿತು.

ಇದನ್ನು ನೋಡಿ ಇನ್ನೂ ನಾಲ್ಕೈದು ಜನ ಸೇರಿಕೊಂಡರು. ವಾಯವ್ಯ ಸಾರಿಗೆಯಿಂದ ರಿಟೈರಾದ ಒಬ್ಬ ಕಂಡಕ್ಟರ್. ಬೆಟಗೇರಿಯ ಒಬ್ಬ ನೇಕಾರ, ಮಗ್ಗ ಮಾರಿ ಈಗ ಮನೆಯಲ್ಲೇ ಇರುವವರು. ಒಬ್ಬ ಟೇಲರ್. ಮತ್ತೆ ಗ್ರಂಥಾಲಯದ ಗೇಟಿನ ಬಳಿ ಹೂ ಮಾರುವ ಅವ್ವ. ಒಳಗೆ ಮಾತಾಡುವಂತಿಲ್ಲ, ಓದುವ ಮಕ್ಕಳಿಗೆ ತೊಂದರೆ. ಅದು ನ್ಯಾಯವೇ. ಹಾಗಾಗಿ ಹೊರಗಿನ ಸಿಮೆಂಟ್ ಕಟ್ಟೆಯ ಮೇಲೆ ಕೂರತೊಡಗಿದೆವು, ಮಂಗಳವಾರ ಮತ್ತು ಶುಕ್ರವಾರ ಸಂಜೆ.

ಹೂವಿನ ಅವ್ವನಿಗೆ ಓದಲು ಬಾರದು. ಗೃಹಲಕ್ಷ್ಮಿಯ 2,000 ರೂಪಾಯಿ ಬಂತೋ ಇಲ್ಲವೋ ಅಂತ ಕೇಳಲು ಪ್ರತಿ ತಿಂಗಳು ಯಾರದಾದರೂ ಎದುರು ಫೋನ್ ಹಿಡಿದು ನಿಲ್ಲಬೇಕು. ಬ್ಯಾಂಕಿನ ಮೆಸೇಜ್ ಇಂಗ್ಲಿಷ್‌ನಲ್ಲಿ ಬರುತ್ತದೆ. ನಮ್ಮ ಹುಡುಗಿ ಒಂದು ಉಪಾಯ ಮಾಡಿದಳು. ಜಮೆ ಆದಾಗ ಬರುವ ಪದದ ಮೊದಲ ಅಕ್ಷರ ಸಿ, ಖರ್ಚಾದಾಗ ಬರುವ ಪದದ್ದು ಡಿ. ನೆಲದ ಮೇಲೆ ಸುಣ್ಣದ ಚೂರಿನಿಂದ ಬರೆದು ತೋರಿಸಿದಳು. "ಇದು ಒಡದ ಬಳಿ ಹಂಗ ಐತಿ ನೋಡ್ರಿ, ಇದು ಬಂದ್ರ ರೊಕ್ಕ ಬಂತು. ಇದು ಬಿಲ್ಲು. ಬಿಲ್ಲು ಬಂದ್ರ ರೊಕ್ಕ ಹೋತು." ಅವ್ವ ತಕ್ಷಣ ಅಂದಳು, "ಒಡದ ಬಳಿ ಅನಬ್ಯಾಡವಾ, ಮುತ್ತೈದಿ ಬಾಯಾಗ. ಅರ್ಧ ಚಂದ್ರ ಅನ್ನು." ಸರಿ, ಅರ್ಧ ಚಂದ್ರ ಆಯಿತು. ಈಗ ಆಕೆ ಮೆಸೇಜ್ ಬಂದ ಕೂಡಲೇ ತಾನೇ ನೋಡಿ "ಚಂದ್ರ ಮೂಡ್ಯಾನ" ಅನ್ನುತ್ತಾಳೆ. ಇದಕ್ಕೆ ಯಾವ ಪಠ್ಯಪುಸ್ತಕವೂ ಬೇಕಾಗಲಿಲ್ಲ, ಸುಣ್ಣದ ಚೂರು ಸಾಕಾಯಿತು.

ಆಕೆಗೇ ಹೇಳಿಕೊಟ್ಟ ಇನ್ನೊಂದು ಮಾತು ನಿಮ್ಮ ಓದುಗರಿಗೂ ಇರಲಿ. ಗಿರಾಕಿ ದುಡ್ಡು ಹಾಕಿದರೆ ನಾವು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ನಮ್ಮ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ದುಡ್ಡು ಬರಲಿಕ್ಕೆ ಪಿನ್ ಬೇಡ. ಹಾಲಿನ ಅಂಗಡಿಯವನಿಗೂ ಇದು ಗೊತ್ತಿರಲಿಲ್ಲ!

ಇನ್ನು ಪುಸ್ತಕದ ಮಾತು. ಪ್ರೆಸ್‌ನಲ್ಲಿ ಪ್ರೂಫ್ ನೋಡುವಾಗ ಇಬ್ಬರು ಕೂರುತ್ತಿದ್ದೆವು. ಒಬ್ಬ ಲೇಖಕರ ಕಾಪಿ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬ ಪ್ರೂಫ್ ಮೇಲೆ ಬೆರಳಿಟ್ಟು ನೋಡುತ್ತಾ ಹೋಗುವುದು. ಕಾಮಾ, ಫುಲ್‌ಸ್ಟಾಪ್ ಸಮೇತ ಓದಬೇಕು. ಹೀಗೆ ನಾನು ಒಂದು ದಿನವೂ ಕಾಲೇಜು ಕಾಣದೆ ನೂರಾರು ಪುಸ್ತಕ ಕೇಳಿದ್ದೇನೆ. ಮಧ್ಯಾಹ್ನ ಮಿರ್ಚಿ ಚಹಾ ಬಂದಾಗ ಕಥೆಯ ಬಗ್ಗೆ ಜಗಳ. ಆ ಗೌಡನ ಮಗಳು ಹಂಗ ಮಾಡಬಾರದಿತ್ತು ಅಂತ ಒಬ್ಬ, ಮಾಡಿದ್ದೇ ಸರಿ ಅಂತ ಮಷಿನ್ ಮ್ಯಾನ್. ಇದನ್ನು ಪುಸ್ತಕ ಚರ್ಚೆ ಅನ್ನುತ್ತಾರೆ ಅಂತ ಆಗ ನಮಗೆ ಗೊತ್ತಿರಲಿಲ್ಲ.

ಕಟ್ಟೆಯ ಮೇಲೆ ಅದನ್ನೇ ಮತ್ತೆ ಶುರು ಮಾಡಿದೆವು. ಕಂಡಕ್ಟರ್ ದನಿ ಒಳ್ಳೆಯದು. ಮೂವತ್ತು ವರ್ಷ "ಯಾರ್ರಿ ಟಿಕೆಟ್" ಅಂದ ದನಿ, ಗಲಾಟೆಯಲ್ಲೂ ಕೇಳುತ್ತದೆ. ಅವರು ಓದುತ್ತಾರೆ, ಉಳಿದವರು ಕೇಳುತ್ತೇವೆ. ಹಳೇ ಮಾಸಪತ್ರಿಕೆಯೊಂದರ ಕಥೆ. ಊರು ಬಿಟ್ಟುಹೋದ ಮಗ ತಿಂಗಳಿಗೊಮ್ಮೆ ಮನಿಯಾರ್ಡರ್ ಕಳಿಸುತ್ತಾನೆ. ತಾಯಿ ದುಡ್ಡು ಖರ್ಚು ಮಾಡಿ ಆ ಚೀಟಿಗಳನ್ನು ಮಾತ್ರ ಜೋಪಾನ ಮಾಡುತ್ತಾಳೆ. ಯಾಕೆ ಅಂತ ಕಥೆಗಾರ ಬಿಡಿಸಿ ಹೇಳಿಲ್ಲ. ಟೇಲರ್ "ಲೆಕ್ಕಕ್ಕ ಇಟ್ಟಿರಬೇಕು" ಅಂದರು. ನಾನು ನೆನಪಿಗೆ ಅಂದೆ. ಹೂವಿನ ಅವ್ವ ಮಾರು ಕಟ್ಟುತ್ತಿದ್ದವಳು ತಲೆ ಎತ್ತದೆ ಅಂದಳು: "ಅದರಾಗ ಅವನ ಕೈಬರಹ ಇರತೈತಲ್ರಿ. ಕೈ ನಡುಗಿದ್ರ ಆಕಿಗೆ ಗೊತ್ತಾಗತೈತಿ." ನಾವೆಲ್ಲ ಸುಮ್ಮನಾದೆವು. 34 ವರ್ಷ ಅಕ್ಷರದ ಜೊತೆ ಬದುಕಿದ ನನಗೆ ಅದು ಹೊಳೆದಿರಲಿಲ್ಲ, ಅಕ್ಷರ ಬಾರದವಳಿಗೆ ಹೊಳೆಯಿತು.

ನಮ್ಮ ಕಡೆಗೆ ಇದೇನು ಹೊಸದಲ್ಲ. ಕುಮಾರವ್ಯಾಸ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಅನ್ನುತ್ತಾರೆ. ಆ ಭಾರತವನ್ನು ಜನ ತಲೆಮಾರುಗಟ್ಟಲೆ ಒಬ್ಬರು ಓದಿ ಹತ್ತು ಜನ ಕೇಳಿಯೇ ಉಳಿಸಿಕೊಂಡದ್ದು. ತೋಂಟದಾರ್ಯ ಮಠದಲ್ಲಿ ಶಿವಾನುಭವಕ್ಕೆ ಕೂತು ಕೇಳಿ ಬೆಳೆದವರು ಈ ಊರಲ್ಲಿ ಸಾವಿರಾರು. 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಸ್ವಾಮಿಗಳನ್ನು ಜನ ಪುಸ್ತಕದ ಸ್ವಾಮಿಗಳು ಅಂತಲೇ ಕರೆಯುತ್ತಿದ್ದರು. ಅತ್ತ ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಧಾರವಾಡದವರಿಗೆ 1890ರಿಂದ ವಿದ್ಯಾವರ್ಧಕ ಸಂಘ ಇದೆ, ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಸಾಹಿತಿಗಳಿಗೆ ಕೂರಲು ಜಾಗವಿದೆ, ಸಂತೋಷ. ಹೂವಿನ ಅವ್ವ, ಕಂಡಕ್ಟರ್ ಕೂರಲು?

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ನಾವು ಕಟ್ಟೆಯ ಮೇಲೆ ಸೊಳ್ಳೆ ಹೊಡೆಯುತ್ತಾ ಕೂರುವ ಹೊತ್ತಿಗೆ, ನಮ್ಮ ಬೆನ್ನ ಹಿಂದಿನ ಕಿಟಕಿಯೊಳಗೆ ಒಂದು ಕೋಣೆ ಇದೆ. ಅದಕ್ಕೆ ಬೀಗ. ಒಮ್ಮೆ ಕಸ ಹೊಡೆಯಲು ತೆರೆದಾಗ ಇಣುಕಿದೆ. ಒಳಗೆ ಆರು ಕಂಪ್ಯೂಟರ್. ಕೀಬೋರ್ಡ್‌ಗಳ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಅದರ ಮೇಲೆ ಬೆರಳಾಡಿಸಿದರೆ ಹೆಸರು ಬರೆಯಬಹುದು, ಅಷ್ಟು ಧೂಳು. ಯಾಕೆ ಅಂತ ಕೇಳಿದೆ. ಯುಪಿಎಸ್ ಬ್ಯಾಟರಿ ಸತ್ತಿದೆ, ಬರೆದು ಕಳಿಸಿದ್ದೇವೆ, ಬಂದಿಲ್ಲ ಅಂದರು. ಯಾವಾಗ ಕಳಿಸಿದ್ದಿರಿ ಅಂದೆ. ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಆ ಕ್ಯಾಲೆಂಡರೇ ಎರಡು ವರ್ಷ ಹಿಂದಿನದು.

ಎಸ್. ಆರ್. ರಂಗನಾಥನ್ ಅಂತ ಒಬ್ಬ ದೊಡ್ಡವರಿದ್ದರು. ಅವರು ಹುಟ್ಟಿದ ಆಗಸ್ಟ್ 12ನ್ನು ದೇಶದಲ್ಲಿ ಗ್ರಂಥಪಾಲಕರ ದಿನ ಅಂತ ಆಚರಿಸುತ್ತಾರೆ. ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದು ತೀರ ಸಾದಾ: ಪುಸ್ತಕ ಇರುವುದು ಬಳಸಲಿಕ್ಕೆ. ಹಿಂದೆ ಯುರೋಪಿನಲ್ಲಿ ಯಾರೂ ಒಯ್ಯಬಾರದು ಅಂತ ಪುಸ್ತಕಕ್ಕೆ ಸರಪಳಿ ಕಟ್ಟಿ ಇಡುತ್ತಿದ್ದರಂತೆ. ನಮ್ಮಲ್ಲಿ ಸರಪಳಿ ಹೋಗಿ ಬೀಗ ಬಂದಿದೆ.

ದುಡ್ಡಿಲ್ಲ ಅನ್ನುವ ಮಾತು ಬೇಡ. ಮನೆ ಪಟ್ಟಿ ಕಟ್ಟಿದ ಪಾವತಿ ತೆಗೆದು ನೋಡಿ. ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಾಲುಗಳಿರುತ್ತವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೆಳಗೆ ವಸೂಲಾಗುವ ಈ ಗ್ರಂಥಾಲಯ ಕರ ಈಗ ಆಸ್ತಿ ತೆರಿಗೆಯ ಮೇಲೆ ಶೇ 6. ನನ್ನ ಮನೆಗೆ ತೆರಿಗೆ 1,850 ರೂಪಾಯಿ, ಅದಕ್ಕೆ ಗ್ರಂಥಾಲಯದ್ದು 111 ರೂಪಾಯಿ. ಪುಸ್ತಕ ಮುಟ್ಟದವನೂ ಕಟ್ಟುತ್ತಾನೆ, ಗ್ರಂಥಾಲಯ ಎಲ್ಲಿದೆ ಅಂತ ಗೊತ್ತಿಲ್ಲದವನೂ ಕಟ್ಟುತ್ತಾನೆ. ನಮ್ಮ ಓಣಿಯಲ್ಲಿ ಒಂದಿಷ್ಟು ಮನೆಗಳ ಪಾವತಿ ಕೇಳಿ ಒಟ್ಟು ಮಾಡಿದೆ, ಸುಮ್ನೆ ಕುತೂಹಲಕ್ಕೆ. ಬರೀ ಹತ್ತು ಮನೆಯ ಗ್ರಂಥಾಲಯ ಕರ ಸೇರಿದರೆ ಸಾವಿರ ರೂಪಾಯಿ ದಾಟುತ್ತದೆ. ಊರಲ್ಲಿ ಎಷ್ಟು ಮನೆ, ಒಂದು ಯುಪಿಎಸ್ ಬ್ಯಾಟರಿಗೆ ಎಷ್ಟು, ಲೆಕ್ಕ ನೀವೇ ಹಾಕಿ.

ಹಳ್ಳಿಗಳ ಕಡೆ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು. ಈಗ ಅವು ಅರಿವು ಕೇಂದ್ರ, ರಾಜ್ಯದಲ್ಲಿ 5,600ಕ್ಕೂ ಹೆಚ್ಚು. ರೋಣದ ಕಡೆ ನನ್ನ ತಂಗಿಯ ಊರಿನದನ್ನು ನೋಡಿ ಬಂದೆ. ಗೋಡೆಗೆ ಬಣ್ಣ ಬಣ್ಣದ ಚಿತ್ರ, ಮಕ್ಕಳಿಗೆ ಚಾಪೆ, ಕಂಪ್ಯೂಟರ್, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್. ಮಕ್ಕಳು ಚದುರಂಗ ಆಡುತ್ತಿದ್ದರು. ಕಣ್ಣು ತುಂಬಿತು. ಆದರೆ ಅಲ್ಲೂ ತಂಗಿ ಬಾಗಿಲಲ್ಲೇ ನಿಂತಳು. "ಅದು ಹುಡುಗರದ ಅಣ್ಣ" ಅಂದಳು. ದೊಡ್ಡವರಿಗೆ ಒಳಗೆ ಬನ್ನಿ ಅಂತ ಯಾರೂ ಹೇಳಿಲ್ಲ, ಬರಬೇಡಿ ಅಂತಲೂ ಹೇಳಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂಡಲು ನಮಗೆ ಒಂದು ಕಾರಣ ಬೇಕು, ಒಂದು ಹೊತ್ತು ಬೇಕು.

ಕಲಿಯಬೇಕಾದ್ದು ಏನು ಅಂತ ಕೇಳಿದರೆ, ದಯವಿಟ್ಟು ಎಂಎಸ್ ಆಫೀಸ್ ತರಬೇಡಿ. ಎಪ್ಪತ್ತು ವರ್ಷದವನು ಎಕ್ಸೆಲ್ ಶೀಟ್ ಮಾಡಿ ಯಾವ ನೌಕರಿ ಹಿಡಿಯಬೇಕು? ಅಕ್ಷರ ದೊಡ್ಡದು ಮಾಡುವುದು, ಕನ್ನಡದಲ್ಲಿ ಟೈಪ್ ಮಾಡುವುದು, ಬಾರದಿದ್ದರೆ ಮಾತಾಡಿ ಬರೆಸುವುದು, ಎಪಿಕೆ ಬಂದರೆ ಅಳಿಸುವುದು, 1930 ನಂಬರ್, ಪಹಣಿ ನೋಡುವುದು, ಜೀವನ ಪ್ರಮಾಣಪತ್ರ. ಇಷ್ಟು ಸಾಕು. ಆಮೇಲೆ ರುಚಿ ಹತ್ತಿದವರಿಗೆ ಗ್ರಂಥಾಲಯ ಇಲಾಖೆಯದೇ ಡಿಜಿಟಲ್ ಗ್ರಂಥಾಲಯ ಇದೆ, 2020ರಲ್ಲಿ ಶುರುವಾದದ್ದು. ಫೋನಿನಲ್ಲೇ ಪುಸ್ತಕ ಸಿಗುತ್ತದೆ. ವಚನ ಸಂಚಯ ಅಂತ ಒಂದು ತಾಣವಿದೆ. ಒಂದು ಪದ ಕೊಟ್ಟರೆ ಆ ಪದ ಬಂದ ವಚನಗಳನ್ನೆಲ್ಲ ಎದುರಿಗೆ ಹರವುತ್ತದೆ. ನಾನು ಮೊದಲು ಹುಡುಕಿದ ಪದ "ಮಗ್ಗ", ನಮ್ಮ ನೇಕಾರರಿಗೋಸ್ಕರ. ಅವರು ಕನ್ನಡಕ ಹಣೆಗೇರಿಸಿ ಅರ್ಧ ತಾಸು ಫೋನ್ ಬಿಟ್ಟುಕೊಡಲಿಲ್ಲ.

ಕೇಳುವುದು ಹೆಚ್ಚೇನಿಲ್ಲ. ವಾರಕ್ಕೆ ಎರಡು ಸಂಜೆ, ಆರರಿಂದ ಏಳೂವರೆ, ಆ ಬೀಗ ಹಾಕಿದ ಕೋಣೆ ನಮಗೆ ಕೊಡಿ. ಬಾಗಿಲು ಹಾಕಿಕೊಂಡರೆ ಓದುವ ಮಕ್ಕಳಿಗೆ ನಮ್ಮ ಗದ್ದಲ ಕೇಳಿಸದು. ಒಂದು ಸಂಜೆ ಫೋನ್ ಪಾಠ, ಇನ್ನೊಂದು ಸಂಜೆ ಗಟ್ಟಿ ಓದು. ಬ್ಯಾಟರಿ ಹಾಕಿಸಿ. ಅಲ್ಲೇ ಪರೀಕ್ಷೆಗೆ ಓದುವ ಮಕ್ಕಳಲ್ಲಿ ಮನಸ್ಸಿದ್ದವರು ಹೇಳಿಕೊಡಲಿ, ಅವರ ಕೈಗೆ ಏನಾದರೂ ಗೌರವಧನ ಸಿಗಲಿ. ಅವರೂ ಬುತ್ತಿ ಕಟ್ಟಿಕೊಂಡು ಬರುವ ಬಡವರ ಮಕ್ಕಳೇ. ಅವರ ಕನ್ನಡ ತಿದ್ದುವ ಕೆಲಸ ನನಗಿರಲಿ, ಪುಕ್ಕಟೆ. ಹೆಂಗಸರಿಗೆ ಬೇಕಾದರೆ ಮಧ್ಯಾಹ್ನ ಮೂರರ ಹೊತ್ತು ಬೇರೆ ಇಡಿ, ಆರು ಗಂಟೆ ಅಂದರೆ ಅವರಿಗೆ ರೊಟ್ಟಿ ಬಡಿಯುವ ಹೊತ್ತು. ಇದನ್ನು ನಾನು ಹೇಳಿದ್ದಲ್ಲ, ನನ್ನ ಹೆಂಡತಿ ಈಗ ಪಕ್ಕದಲ್ಲಿ ನಿಂತು ಸೇರಿಸು ಅಂದದ್ದು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಬರುತ್ತದೆ. ಹಾರ, ಶಾಲು, ಭಾಷಣ ಎಲ್ಲ ಇರಲಿ. ಅದರ ಜೊತೆಗೆ ಆ ಕೋಣೆಯ ಬೀಗವನ್ನೂ ಅವತ್ತೇ ತೆಗೆದರೆ ಒಳ್ಳೆಯದು.

ಕಾಯ್ದೆಯ ಪ್ರಕಾರ ಗ್ರಂಥಾಲಯ ಪ್ರಾಧಿಕಾರ ಅಂತ ಇದೆ, ಅದರಲ್ಲಿ ಸದಸ್ಯರಿದ್ದಾರೆ. ಅವರಲ್ಲಿ ಯಾರಾದರೂ ನಿಮ್ಮ ಪೇಪರ್ ಓದುತ್ತಿದ್ದರೆ, ಒಂದು ಮಂಗಳವಾರ ಸಂಜೆ ನಮ್ಮ ಕಟ್ಟೆಗೆ ಬಂದು ಹೋಗಲಿ. ಯಾವ ಕಟ್ಟೆ ಅಂತ ಹುಡುಕುವುದು ಕಷ್ಟವಲ್ಲ. ಹೂವಿನ ಬುಟ್ಟಿ ಇರುತ್ತದೆ, ಬಸ್ಸಿನಲ್ಲಿ ಕೂಗಿದ ಹಾಗೆ ಒಬ್ಬರು ಕಥೆ ಓದುತ್ತಿರುತ್ತಾರೆ. ಮಳೆ ಬಂದರೆ ಮಾತ್ರ ನಾವು ಇರುವುದಿಲ್ಲ.

ಇಡೀ ಪತ್ರ ಫೋನಿನಲ್ಲೇ ಒತ್ತಿದ್ದು, ಆರು ದಿನ ಹಿಡಿಯಿತು. ಅರ್ಕಾವತ್ತು ಎಲ್ಲಾದರೂ ತಪ್ಪಿದ್ದರೆ ನಿಮ್ಮ ಪ್ರೂಫ್ ರೀಡರ್ ತಿದ್ದಲಿ.

ಇತಿ,
ಒಬ್ಬ ಹಳೇ ಕಂಪೋಜಿಟರ್
ಬೆಟಗೇರಿ, ಗದಗ